ಗುಣವಾಗಿ ಮನೆಗೆ ಹೋದ ಮೇಲೆ

ಆಸ್ಪತ್ರೆಯಲ್ಲಿ ಮಲಗಿದವನಿಗೂ ಅವನ ಮನೆಯವರಿಗೂ ಅತ್ಯಂತ ಸಂತೋಷದ ದಿನ ಯಾವುದೆಂದು ಕೇಳಿದರೆ ಉತ್ತರಕ್ಕಾಗಿ ತಡಕಾಡಬೇಕಾಗಿಲ್ಲ. ಮನೆಗೆ ಹೊರಡುವ ದಿನ. ಅಂದು ಬೆಳಗಾಗುವ ಮೊದಲೇ ಚಾಪೆ ಸುತ್ತಿ, ಫ್ಲಾಸ್ಕು, ತಟ್ಟೆ, ಲೋಟಗಳನ್ನು ಚೀಲಕ್ಕೆ ತುಂಬಿ, ಒಗೆದ ಅಂಗಿ ತೊಟ್ಟು, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಿರುತ್ತಾರೆ. ಡಾಕ್ಟರು ಬಂದು ಸಹಿ ಹಾಕುವುದೊಂದೇ ಬಾಕಿ. ಆ ಸಹಿಗಾಗಿ ಕಾದಿರುವ ಮುಖಗಳನ್ನು ನಾನು 36 ವರ್ಷ ನೋಡಿದ್ದೇನೆ. ಕನ್ನಡದಲ್ಲಿ ಇದಕ್ಕೆ ನಾವು ಇಟ್ಟುಕೊಂಡಿರುವ ಮಾತು 'ಬಿಡುಗಡೆ'. ಸೆರೆಮನೆಯಿಂದ ಬರುವವನಿಗೂ ಆಸ್ಪತ್ರೆಯಿಂದ ಬರುವವನಿಗೂ ಒಂದೇ ಪದವನ್ನು ಬಳಸುವ ನಮ್ಮ ಜನರ ಅನುಭವವನ್ನು ನಾನು ಅಲ್ಲಗಳೆಯಲಾರೆ. ಆದರೆ ಒಂದು ವ್ಯತ್ಯಾಸವಿದೆ. ಸೆರೆಮನೆಯ ಬಾಗಿಲು ದಾಟಿದವನ ಶಿಕ್ಷೆ ಅಲ್ಲಿಗೆ ಮುಗಿಯಿತು; ಆಸ್ಪತ್ರೆಯ ಬಾಗಿಲು ದಾಟಿದವನ ಕಾಯಿಲೆ ಅಲ್ಲಿಗೆ ಮುಗಿದಿರಬೇಕೆಂಬ ನಿಯಮವಿಲ್ಲ.

ಇಂದು ನಾನು ಮಾತನಾಡಬೇಕೆಂದಿರುವುದು ಹೀಗೆ ಹೊರಟುಹೋಗಿ ಮತ್ತೆ ಮರಳಿ ಬಂದವರ ವಿಷಯ. ಅದರಲ್ಲಿಯೂ ವೈರಸ್ಸಿನಿಂದ ಬರುವ ಶ್ವಾಸಕೋಶದ ಕಾಯಿಲೆಗಳು, ಎಂದರೆ ಇನ್‌ಫ್ಲುಯೆಂಜಾ, 2020ರಿಂದ ನಮ್ಮನ್ನು ಕಾಡಿದ ಕೊರೋನಾ, ಇವುಗಳಿಗೆ ಚಿಕಿತ್ಸೆ ಪಡೆದು 'ಗುಣವಾಯಿತು' ಎನ್ನಿಸಿಕೊಂಡು ಹೋದವರು ಕೆಲವೇ ದಿನಗಳಲ್ಲಿ ಮತ್ತೆ ಸ್ಟ್ರೆಚರಿನ ಮೇಲೆ ಬರುವುದೇಕೆ? ಯಾರು ಹೆಚ್ಚಾಗಿ ಬರುತ್ತಾರೆ? ಅದನ್ನು ಮುಂಚಿತವಾಗಿ ಊಹಿಸಬಹುದೇ? ಇದು ವೈದ್ಯರ ಸಭೆಗೆ ಸೇರಿದ ವಿಷಯವೆಂದು ಕೇಳುಗರಲ್ಲಿ ಕೆಲವರಿಗೆ ತೋರೀತು. ನನಗೂ ಒಂದು ಕಾಲದಲ್ಲಿ ಹಾಗೆಯೇ ತೋರಿತ್ತು. ಆ ಅಭಿಪ್ರಾಯ ಬದಲಾದ ಬಗೆಯನ್ನು ಮುಂದೆ ಹೇಳುತ್ತೇನೆ.

'ಮರುಕಳಿಸು' ಎಂಬ ಒಂದು ಒಳ್ಳೆಯ ಮಾತು ನಮ್ಮಲ್ಲಿದೆ. ಬಿಟ್ಟುಹೋದ ಜ್ವರ ಮತ್ತೆ ಬಂದರೆ ಅದು ಮರುಕಳಿಸಿತು ಎನ್ನುತ್ತೇವೆ. ನನ್ನ ಅಜ್ಜಿ ಈ ಮಾತನ್ನು ಆಡುವಾಗ ಧ್ವನಿ ತಗ್ಗಿಸುತ್ತಿದ್ದರು. 1918ರ ಇನ್‌ಫ್ಲುಯೆಂಜಾ ಬಂದಾಗ ಅವರಿಗೆ ಹದಿಮೂರು ವರ್ಷ. ಆ ವರ್ಷದ ಜೂನ್ ತಿಂಗಳಿನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಜ್ವರ ರೈಲಿನ ಹಾದಿ ಹಿಡಿದು ಒಳನಾಡಿಗೆ ಹರಡಿತು. ಮಳೆಗಾಲದ ಕೊನೆಗೆ ಎದ್ದ ಎರಡನೆಯ ಅಲೆಯೇ ಘೋರವಾದದ್ದು. ಇಡೀ ದೇಶದಲ್ಲಿ ಸತ್ತವರು ಒಂದು ಕೋಟಿಗೂ ಮಿಗಿಲೆಂದು ಅಂದಾಜು. "ಮಲಗಿದವರು ಉಳಿದುಕೊಂಡರು ಮಗಾ, ಜ್ವರ ಬಿಟ್ಟಿತು ಅಂತ ಎದ್ದು ಗದ್ದೆಗೆ ಹೋದವರು ಹೋದರು" ಎಂಬುದು ಅಜ್ಜಿಯ ಮಾತು. ಇದು ಪೂರ್ಣ ಸತ್ಯವಲ್ಲ; ಮಲಗಿದವರೂ ಬೇಕಾದಷ್ಟು ಜನ ಸತ್ತರು. ಆದರೂ ಆ ಮಾತಿನಲ್ಲಿ ಒಂದು ತಿರುಳಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ. 2008ರಲ್ಲಿ ಅಮೆರಿಕೆಯ ವಿಜ್ಞಾನಿಗಳು, 1918ರಲ್ಲಿ ಸತ್ತವರ ಶ್ವಾಸಕೋಶದ ತುಣುಕುಗಳನ್ನು, ಅಷ್ಟು ಕಾಲ ಜೋಪಾನವಾಗಿ ಇಟ್ಟಿದ್ದವುಗಳನ್ನು, ಮತ್ತೆ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರು. ಬಹುಪಾಲು ಜನರನ್ನು ಕೊಂದದ್ದು ಕೇವಲ ವೈರಸ್ಸಲ್ಲ, ಅದರ ಬೆನ್ನಿಗೇ ಒಳಹೊಕ್ಕ ಬ್ಯಾಕ್ಟೀರಿಯಾಗಳ ನ್ಯುಮೋನಿಯಾ ಎಂದು ಅವರಿಗೆ ಕಂಡುಬಂತು.

ಹೀಗಾಗುವುದರ ಕಾರಣ ಅಷ್ಟೇನೂ ಗಹನವಲ್ಲ. ನಮ್ಮ ಉಸಿರಿನ ಕೊಳವೆಗಳ ಒಳಮೈಯಲ್ಲಿ ಕೂದಲಿಗಿಂತ ಎಷ್ಟೋ ಸೂಕ್ಷ್ಮವಾದ ರೋಮಗಳಿವೆ. ಗಾಳಿಗೆ ಬತ್ತದ ಪೈರು ತೊನೆಯುವಂತೆ ಅವು ಹಗಲಿರುಳೂ ತೊನೆಯುತ್ತ, ಧೂಳನ್ನೂ ಕಫವನ್ನೂ ಕ್ರಿಮಿಗಳನ್ನೂ ಮೇಲಕ್ಕೆ ತಳ್ಳುತ್ತಿರುತ್ತವೆ. ವೈರಸ್ಸು ಈ ಪೈರನ್ನು ಮೇಯ್ದುಬಿಡುತ್ತದೆ. ಜ್ವರ ಐದಾರು ದಿನಗಳಲ್ಲಿ ಇಳಿಯಬಹುದು. ಮೇಯ್ದ ಪೈರು ಮತ್ತೆ ಚಿಗುರಿ ನಿಲ್ಲಲು ವಾರಗಳು ಬೇಕು. ಆ ನಡುವಿನ ಅವಧಿಯಲ್ಲಿ ಮನೆಗೆ ಬೇಲಿಯಿಲ್ಲ. ಥರ್ಮಾಮೀಟರಿಗೆ ಇದು ಕಾಣುವುದಿಲ್ಲ, ರೋಗಿಗೂ ಗೊತ್ತಾಗುವುದಿಲ್ಲ, ಅವನು ಹೊಟ್ಟೆ ಹಸಿಯುತ್ತಿದೆ ಎನ್ನುತ್ತಾನೆ, ನಾವು ಒಳ್ಳೆಯ ಲಕ್ಷಣ ಎನ್ನುತ್ತೇವೆ.

ಶ್ವಾಸಕೋಶ ಒಂದೇ ಆದರೆ ಆಗುತ್ತಿತ್ತು. ಹೃದಯದ ಕಥೆಯೂ ಇದೆ. ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಇನ್‌ಫ್ಲುಯೆಂಜಾ ಪರೀಕ್ಷೆಯಿಂದ ಖಚಿತವಾದ ಮೇಲಿನ ಏಳು ದಿನಗಳಲ್ಲಿ ಹೃದಯಾಘಾತದ ಸಂಭವ ಬೇರೆ ದಿನಗಳಿಗಿಂತ ಸುಮಾರು ಆರು ಪಟ್ಟು. ಶೀತಜ್ವರಕ್ಕೂ ಎದೆನೋವಿಗೂ ಏನು ಸಂಬಂಧವೆಂದು ಕೇಳಬಹುದು. ದೇಹವೆಲ್ಲ ಉರಿಯೂತದಲ್ಲಿರುವಾಗ ರಕ್ತ ಹೆಪ್ಪುಗಟ್ಟುವ ಸ್ವಭಾವ ಹೆಚ್ಚುತ್ತದೆ, ಪ್ರಾಣವಾಯು ಕಡಿಮೆಯಾದಾಗ ಹೃದಯ ಹೆಚ್ಚು ದುಡಿಯಬೇಕಾಗುತ್ತದೆ, ರಕ್ತನಾಳದ ಗೋಡೆಯಲ್ಲಿ ಮೊದಲೇ ಕಟ್ಟಿಕೊಂಡಿದ್ದ ಕೊಬ್ಬಿನ ಪದರ ಬಿರಿಯುತ್ತದೆ. ಕೊರೋನಾದಲ್ಲಿಯೂ ಹೀಗೆಯೇ. ಸ್ವೀಡನ್ನಿನ ಜನರನ್ನು ಕುರಿತು 2022ರಲ್ಲಿ ಬಂದ ವರದಿಯಲ್ಲಿ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯ ಮೂರು ತಿಂಗಳವರೆಗೂ, ಅದು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವ ಭಯ ಆರು ತಿಂಗಳವರೆಗೂ ಹೆಚ್ಚಾಗಿಯೇ ಉಳಿದಿತ್ತೆಂದು ಹೇಳಿದೆ. ಆದ್ದರಿಂದ ಮರಳಿ ಬರುವ ರೋಗಿ ಅದೇ ರೋಗಕ್ಕೆ ಬರುತ್ತಾನೆಂದು ತಿಳಿಯುವುದು ತಪ್ಪು. ಅವನು ಹೋಗುವಾಗ ಕೊರೋನಾ ರೋಗಿ. ಬರುವಾಗ ಹೃದಯದ ರೋಗಿ, ಮೂತ್ರಪಿಂಡದ ರೋಗಿ, ಇಲ್ಲವೇ ಬಚ್ಚಲಲ್ಲಿ ಜಾರಿ ಬಿದ್ದು ತೊಡೆ ಮುರಿದುಕೊಂಡವನು.

ಈ ಕೊನೆಯ ಮಾತನ್ನು ತಮಾಷೆಗೆ ಹೇಳಲಿಲ್ಲ. ಅಮೆರಿಕೆಯ ಹೃದ್ರೋಗ ತಜ್ಞ ಹಾರ್ಲನ್ ಕ್ರಮ್‌ಹೋಲ್ಜ್ ಎಂಬವರು 2013ರಲ್ಲಿ ಇದಕ್ಕೆ ಒಂದು ಹೆಸರನ್ನೇ ಕೊಟ್ಟರು. ಆಸ್ಪತ್ರೆಯ ನಂತರದ ಒಂದು ಬೇರೆಯ ಬೇನೆ ಎಂದು. ಅಲ್ಲಿ ಸರ್ಕಾರದ ವಿಮೆಯಿರುವ ವೃದ್ಧರಲ್ಲಿ ಐವರಲ್ಲಿ ಒಬ್ಬರು ಮೂವತ್ತು ದಿನಗಳೊಳಗೆ ಮತ್ತೆ ಆಸ್ಪತ್ರೆ ಸೇರುತ್ತಿದ್ದರು. ಅನೇಕರು ಸೇರುತ್ತಿದ್ದುದು ಮೊದಲಿನ ರೋಗಕ್ಕಲ್ಲ. ಹಾಗಿದ್ದರೆ ಏನಾಯಿತು? ಅವರ ವಿವರಣೆ ಸರಳ. ಆಸ್ಪತ್ರೆಯಲ್ಲಿ ಮನುಷ್ಯ ಸರಿಯಾಗಿ ನಿದ್ರೆ ಮಾಡಿರುವುದಿಲ್ಲ. ಪರೀಕ್ಷೆಗಾಗಿ ಉಪವಾಸ, ಉಳಿದ ಹೊತ್ತು ರುಚಿಯಿಲ್ಲದ ಊಟ. ಹಗಲು ಯಾವುದು ರಾತ್ರಿ ಯಾವುದು ಎಂದು ತಿಳಿಯದ ದೀಪಗಳ ಬೆಳಕು. ಮಂಚ ಬಿಟ್ಟು ಇಳಿಯದ ಕಾಲುಗಳು. ವಾರವೊಂದು ಹೀಗೆ ಕಳೆದರೆ ರೋಗ ಹೋಗಿರಬಹುದು, ಅದರೊಡನೆ ಮೈಯ ಕಸುವೂ ಹೋಗಿರುತ್ತದೆ.

ಇದನ್ನು ಓದಿದಾಗ ನನಗೆ ನಮ್ಮ ಬಾಣಂತನ ನೆನಪಾಯಿತು. ಹೆರಿಗೆಯಾದ ಹೆಣ್ಣುಮಗಳಿಗೆ ನಮ್ಮ ಮನೆಗಳಲ್ಲಿ ಒಂದು ಕೋಣೆ, ಒಂದು ಪಥ್ಯ, ಬಿಸಿನೀರು, ನೋಡಿಕೊಳ್ಳಲು ಒಬ್ಬ ತಾಯಿ ಅಥವಾ ಚಿಕ್ಕಮ್ಮ, ಇಷ್ಟು ದಿನವೆಂದು ಒಂದು ಲೆಕ್ಕ, ಎಲ್ಲವೂ ನಿಗದಿಯಾಗಿದೆ. ಅದರಲ್ಲಿ ಅರ್ಥವಿಲ್ಲದ ಕಟ್ಟುಪಾಡುಗಳೂ ಉಂಟು, ನೀರು ಕುಡಿಯಗೊಡದಿರುವಂಥ ಹಾನಿಯ ರೂಢಿಗಳೂ ಉಂಟು. ಆದರೆ ದೊಡ್ಡದೊಂದು ಆಯಾಸದಿಂದ ಎದ್ದ ದೇಹ ತಾನಾಗಿ ಸರಿಹೋಗುವುದಿಲ್ಲ, ಅದನ್ನು ಯಾರಾದರೂ ಸರಿಮಾಡಬೇಕು ಎಂಬ ಅರಿವು ಅದರಲ್ಲಿದೆ. ನ್ಯುಮೋನಿಯಾದಿಂದ ಎದ್ದ ಗಂಡಸಿಗೆ ಇಂಥದೊಂದು ವ್ಯವಸ್ಥೆ ನಮ್ಮಲ್ಲಿಲ್ಲ. ಅವನು ಮಾರನೆಯ ದಿನ ಅಂಗಡಿಯ ಬಾಗಿಲು ತೆಗೆಯುತ್ತಾನೆ. ಹೆಂಗಸಾದರೆ ಅಂದೇ ಸಂಜೆ ಒಲೆಯ ಮುಂದೆ.

ಇನ್ನು ಕೊರೋನಾದ ಲೆಕ್ಕಗಳು. ಅಮೆರಿಕೆಯ ರೋಗ ನಿಯಂತ್ರಣ ಕೇಂದ್ರ 2020ರ ಮಾರ್ಚಿನಿಂದ ಜುಲೈವರೆಗೆ ಆಸ್ಪತ್ರೆ ಸೇರಿ ಜೀವಂತವಾಗಿ ಹೊರಬಂದ ಒಂದು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ನೋಡಿತು. ಎರಡು ತಿಂಗಳೊಳಗೆ ಅದೇ ಆಸ್ಪತ್ರೆಗೆ ಮರಳಿದವರು ನೂರಕ್ಕೆ 9. ಅದೇ ದೇಶದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ಅರುವತ್ತು ದಿನಗಳೊಳಗೆ ಮರಳಿದವರು ನೂರಕ್ಕೆ ಸುಮಾರು 20. ಮನೆಗೆ ಹೋದ ಮೇಲೆ ಸತ್ತವರು ನೂರಕ್ಕೆ 9. ಇಂಗ್ಲೆಂಡಿನಲ್ಲಿ 47,780 ಜನರನ್ನು ಸರಾಸರಿ 140 ದಿನ ಹಿಂಬಾಲಿಸಿ ನೋಡಿದಾಗ ಮರಳಿದವರು ನೂರಕ್ಕೆ 29, ಸತ್ತವರು 12. ಒಂಬತ್ತು, ಇಪ್ಪತ್ತು, ಇಪ್ಪತ್ತೊಂಬತ್ತು ಎಂದು ಮೂರು ಸಂಖ್ಯೆಗಳನ್ನು ಕೇಳಿ ಇವರಲ್ಲಿ ಯಾರದು ನಿಜ ಎಂದು ನೀವು ಕೇಳಬಹುದು. ಮೂವರದೂ ನಿಜ. ಒಬ್ಬರು ಎರಡು ತಿಂಗಳು ಕಾದರು, ಮತ್ತೊಬ್ಬರು ಐದು ತಿಂಗಳಿಗೆ ಹತ್ತಿರ. ಸೈನಿಕರ ಆಸ್ಪತ್ರೆಯಲ್ಲಿರುವವರು ಬಹುತೇಕ ವಯಸ್ಸಾದ ಗಂಡಸರು. ಮೊದಲಿನ ಲೆಕ್ಕದಲ್ಲಿ ಬೇರೆ ಆಸ್ಪತ್ರೆಗೆ ಹೋದವರು ಸೇರಿಯೇ ಇಲ್ಲ. ಸಂಖ್ಯೆಯನ್ನು ಕೇಳುವಾಗ ಯಾರು, ಎಷ್ಟು ದಿನ, ಎಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಕೇಳದಿದ್ದರೆ ಅದು ಬರಿಯ ಸದ್ದು.

ಸೈನಿಕರ ಆಸ್ಪತ್ರೆಯ ಲೆಕ್ಕದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ವಿಷಯ ಇನ್ನೊಂದು. ಅರುವತ್ತು ದಿನಗಳ ಒಟ್ಟು ಮೊತ್ತವನ್ನು ನೋಡಿದರೆ ಕೊರೋನಾ ರೋಗಿಗಳು ಬೇರೆ ನ್ಯುಮೋನಿಯಾದವರಿಗಿಂತ ಕಡಿಮೆಯೇ ಮರಳಿದರು, ಕಡಿಮೆಯೇ ಸತ್ತರು. ಆದರೆ ಮೊದಲಿನ ಹತ್ತು ದಿನಗಳನ್ನು ಮಾತ್ರ ತೆಗೆದುಕೊಂಡರೆ ಚಿತ್ರ ತಿರುಗುಮುರುಗಾಗುತ್ತದೆ. ಆ ಹತ್ತು ದಿನಗಳಲ್ಲಿ ಮರಳಿದವರು ಅಥವಾ ಸತ್ತವರು ಕೊರೋನಾದಲ್ಲಿ ನೂರಕ್ಕೆ 13, ಇತರ ನ್ಯುಮೋನಿಯಾದಲ್ಲಿ 10ಕ್ಕೂ ಕಡಿಮೆ. ಈ ರೋಗದ ಸ್ವಭಾವವನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಮೊದಲ ವಾರ ವೈರಸ್ಸಿನ ಆಟ. ಎರಡನೆಯ ವಾರ ನಮ್ಮ ದೇಹವೇ ಅದರ ಮೇಲೆ ಹರಿಹಾಯುವ ಹೊತ್ತು. ಸಂತೆಯಲ್ಲಿ ಕಳ್ಳನನ್ನು ಹಿಡಿಯಲು ಹೋದ ಜನ ಅಂಗಡಿಗಳನ್ನೆಲ್ಲ ಉರುಳಿಸಿದಂತೆ, ವೈರಸ್ಸು ಕಾಲ್ತೆಗೆದ ಮೇಲೂ ಶ್ವಾಸಕೋಶದಲ್ಲಿ ದಾಂಧಲೆ ನಡೆದಿರುತ್ತದೆ. ಮೊದಲ ವಾರದ ಕೊನೆಗೆ ಜ್ವರ ಬಿಟ್ಟಿತೆಂದು ಮನೆಗೆ ಕಳುಹಿಸಿದವನು ಎರಡನೆಯ ವಾರದ ನಡುವೆ ಏದುಸಿರು ಬಿಡುತ್ತ ಬಂದರೆ ಅದು ಮರುಕಳಿಕೆಯೇ ಅಲ್ಲ. ಕಥೆಯ ನಡುವಿನ ಅಧ್ಯಾಯ.

ಯಾರು ಮರಳುತ್ತಾರೆ? ಅಮೆರಿಕೆಯ ಕೇಂದ್ರ ಗುರುತಿಸಿದವರು ಇವರು: ಅರುವತ್ತೈದು ದಾಟಿದವರು; ದೀರ್ಘಕಾಲದ ಶ್ವಾಸನಾಳದ ಕಾಯಿಲೆ, ಬಲಗುಂದಿದ ಹೃದಯ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ, ಅತಿಯಾದ ಬೊಜ್ಜು ಇರುವವರು; ಈ ಸಲಕ್ಕೆ ಮೊದಲು ಮೂರು ತಿಂಗಳೊಳಗೆ ಬೇರೆ ಯಾವುದೋ ಕಾರಣಕ್ಕೆ ಆಸ್ಪತ್ರೆ ಕಂಡಿದ್ದವರು. ಇದರಲ್ಲಿ ಹೊಸದೇನೂ ಇಲ್ಲವೆಂದು ತೋರುತ್ತದೆ. ಸೋರುವ ಮನೆಗೆ ಮಳೆಯ ಭಯ ಹೆಚ್ಚು, ಅಷ್ಟೆ. ಆದರೆ 'ದೀರ್ಘಕಾಲದ ಶ್ವಾಸನಾಳದ ಕಾಯಿಲೆ' ಎಂಬ ಮಾತನ್ನು ನಮ್ಮ ನಾಡಿಗೆ ತಂದು ನೋಡಿ. ಅದು ಬೀಡಿ ಸಿಗರೇಟು ಸೇದುವವರ ರೋಗವೆಂದು ಪುಸ್ತಕದಲ್ಲಿ ಓದಿ ಬಂದ ನನಗೆ, ಬೀಡಿಯನ್ನು ಕೈಯಿಂದ ಮುಟ್ಟದ ಹೆಂಗಸರ ಎದೆಯಲ್ಲಿ ಅದೇ ಸುಯ್ಯೆನ್ನುವ ಶಬ್ದ ಕೇಳಿದಾಗ ಮೊದಲು ಅರ್ಥವಾಗಿರಲಿಲ್ಲ. ನಲವತ್ತು ವರ್ಷ ಸೌದೆ ಒಲೆಯ ಮುಂದೆ ಊದುಗೊಳವೆ ಹಿಡಿದು ಕುಳಿತವರು ಅವರು. ಅಂಥ ಹೆಂಗಸಿಗೆ ಆಸ್ಪತ್ರೆಯಲ್ಲಿ "ಧೂಮಪಾನ ಉಂಟೇ?" ಎಂದು ಕೇಳಿ, ಇಲ್ಲವೆಂದು ಬರೆದುಕೊಂಡು, ಅಪಾಯ ಕಡಿಮೆ ಎಂದು ಲೆಕ್ಕ ಹಾಕಿ, ಅದೇ ಒಲೆಯ ಮುಂದಕ್ಕೆ ಕಳುಹಿಸುತ್ತೇವೆ.

ಆ ವರದಿಯಲ್ಲಿಯೇ ಇನ್ನೊಂದು ವಿಚಿತ್ರವಿದೆ. ನೇರವಾಗಿ ಮನೆಗೆ ಹೋದವರಲ್ಲಿ ಮರಳಿದವರು ನೂರಕ್ಕೆ 7. ಮನೆಗೆ ದಾದಿಯರು ಬಂದು ನೋಡಿಕೊಳ್ಳುವ ಏರ್ಪಾಡಿದ್ದವರಲ್ಲಿ 12. ಶುಶ್ರೂಷಾಲಯಕ್ಕೆ ಹೋದವರಲ್ಲಿ 15. ನೋಡಿಕೊಳ್ಳುವವರು ಹೆಚ್ಚಿದಷ್ಟೂ ಮರಳುವವರು ಹೆಚ್ಚಾದರು! ಶುಶ್ರೂಷೆಯೇ ಕೆಡುಕೆಂದು ಇದರ ಅರ್ಥವೇ? ಅಲ್ಲ. ಅಷ್ಟು ಆರೈಕೆ ಬೇಕಾಗುವಷ್ಟು ಮೊದಲೇ ಸೋತವರು ಅವರು. ಕೊಡೆ ಹಿಡಿದವರೆಲ್ಲ ನೆನೆದಿದ್ದಾರೆಂದು ಕೊಡೆಯನ್ನು ದೂರಲಾಗದು. ಆದರೆ ಇನ್ನೊಂದು ಕಾರಣವೂ ಇದ್ದೀತು: ಪಕ್ಕದಲ್ಲಿ ಒಬ್ಬ ದಾದಿಯಿದ್ದರೆ ಉಸಿರು ಏರಿದ್ದು ಆ ಹೊತ್ತಿಗೇ ಕಣ್ಣಿಗೆ ಬೀಳುತ್ತದೆ, ರೋಗಿ ಆಸ್ಪತ್ರೆಗೆ ಬರುತ್ತಾನೆ. ಯಾರೂ ಇಲ್ಲದ ಮನೆಯಲ್ಲಿ ಅದನ್ನು ಕಾಣುವವರೇ ಇರುವುದಿಲ್ಲ.

ಮರಳಿ ಬಂದವರನ್ನು ಎಣಿಸುವ ಈ ಕಾರ್ಯದಲ್ಲಿ ಬಂದವರು ಮಾತ್ರ ಲೆಕ್ಕಕ್ಕೆ ಸಿಗುತ್ತಾರೆ. ಮನೆಯಲ್ಲಿಯೇ ಸತ್ತವನು ಮರಳಿ ಬಂದವನಲ್ಲ. ಆದ್ದರಿಂದ ಆ ಪಟ್ಟಿಯಲ್ಲಿ ಅವನು ಗುಣವಾದವರ ಕಡೆಗೆ ಸೇರಿಬಿಡುತ್ತಾನೆ. ನಮ್ಮಲ್ಲಂತೂ ಮರಳುವುದೆಂದರೆ ಬಸ್ಸು, ಬಾಡಿಗೆ ಕಾರು, ಮೊದಲ ಸಲದ ಸಾಲ ಇನ್ನೂ ತೀರದಿರುವುದು, ಕೂಲಿ ಬಿಟ್ಟು ಜೊತೆಗೆ ಬರಲು ಒಬ್ಬ ಮಗ. ಮರಳಿ ಬಾರದಿರುವುದೆಲ್ಲ ಆರೋಗ್ಯವಲ್ಲ. ಎಷ್ಟೋ ಸಲ ಅದು ಬಡತನ. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ಮಾಡಿದ ಕೆಲಸವನ್ನು ಇಲ್ಲಿ ನೆನೆಯಬೇಕು. 31 ಆಸ್ಪತ್ರೆಗಳಿಂದ ಮನೆಗೆ ಹೋದ 14,419 ಜನರನ್ನು ಫೋನಿನ ಮೂಲಕ ವಿಚಾರಿಸುತ್ತ ಹೋಗಿ, ಒಂದು ವರ್ಷದೊಳಗೆ 942 ಜನ ತೀರಿಕೊಂಡರೆಂದು 2023ರಲ್ಲಿ ಪ್ರಕಟಿಸಿದರು. ನೂರಕ್ಕೆ ಆರೂವರೆ. ಇಲ್ಲಿಯೂ ಅರುವತ್ತು ದಾಟಿದವರು, ಗಂಡಸರು, ಬೇರೆ ಕಾಯಿಲೆಯಿದ್ದವರು, ಮೊದಲ ಸಲ ತೀವ್ರವಾಗಿ ಬಳಲಿದವರು ಹೆಚ್ಚಾಗಿ ಹೋದರು. ರೋಗ ಬರುವ ಮೊದಲೇ ಲಸಿಕೆ ತೆಗೆದುಕೊಂಡಿದ್ದವರು ಕಡಿಮೆ. ಸತ್ತವರ ಮನೆಗೆ ಫೋನು ಮಾಡಿ "ಹೇಗಿದ್ದಾರೆ?" ಎಂದು ಕೇಳಿದ ಆ 942 ಕರೆಗಳನ್ನು ಮಾಡಿದವರು ಯಾರೋ, ಅವರ ಕಷ್ಟ ನನ್ನ ಮನಸ್ಸಿನಲ್ಲಿ ನಿಂತಿದೆ.

ಈಗ ನನ್ನ ಮಾತಿಗೆ ಬರುತ್ತೇನೆ. 2021ರ ಮೇ ತಿಂಗಳು. ನಮ್ಮ ಊರಿನ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು, ಅರುವತ್ತೆಂಟು ವರ್ಷ, ಸಕ್ಕರೆ ಕಾಯಿಲೆ ಹನ್ನೆರಡು ವರ್ಷದಿಂದ, ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಸೇರಿದರು. ನನಗೆ ಪಾಠ ಹೇಳಿದವರಲ್ಲ. ಊರಿನ ಅರ್ಧ ಜನಕ್ಕೆ ಹೇಳಿದವರು. ಆರು ದಿನ ಆಕ್ಸಿಜನ್ ಬೇಕಾಯಿತು. ಸ್ಟೀರಾಯ್ಡ್ ಕೊಟ್ಟೆವು. ಕೊಡಬೇಕಾದದ್ದೇ, ಆಕ್ಸಿಜನ್ ಬೇಕಾದ ರೋಗಿಗಳಲ್ಲಿ ಡೆಕ್ಸಾಮೆಥಾಸೋನ್ ಸಾವನ್ನು ಕಡಿಮೆ ಮಾಡುತ್ತದೆಂದು ಇಂಗ್ಲೆಂಡಿನ 'ರಿಕವರಿ' ಪ್ರಯೋಗ 2020ರ ಜೂನ್ ತಿಂಗಳಿನಲ್ಲಿಯೇ ತೋರಿಸಿತ್ತು. ಆ ಪ್ರಯೋಗದಲ್ಲಿ ಕೊಟ್ಟದ್ದು ದಿನಕ್ಕೆ ಆರು ಮಿಲಿಗ್ರಾಂ, ಹೆಚ್ಚೆಂದರೆ ಹತ್ತು ದಿನ. ಎಂಟನೆಯ ದಿನ ಮೇಷ್ಟ್ರ ಬೆರಳಿಗೆ ಸಿಕ್ಕಿಸಿದ ಯಂತ್ರ 95 ತೋರಿಸಿತು. ಹೊರಗೆ ಹಾಸಿಗೆಗಾಗಿ ಜನ ಕಾದಿದ್ದರು. ನಾನು ಬಿಡುಗಡೆಯ ಚೀಟಿ ಬರೆದೆ.

ಆ ಚೀಟಿಯ ನಕಲು ಇನ್ನೂ ನನ್ನಲ್ಲಿದೆ. ಹನ್ನೊಂದು ಸಾಲು. ಎಲ್ಲವೂ ಇಂಗ್ಲಿಷಿನಲ್ಲಿ, ಅದೂ ಇಂಗ್ಲಿಷರಿಗೇ ಅರ್ಥವಾಗದ ಸಂಕ್ಷೇಪಗಳಲ್ಲಿ. ಸ್ಟೀರಾಯ್ಡ್ ಮಾತ್ರೆ ದಿನಕ್ಕೆರಡು, ಐದು ದಿನ, ಆಮೇಲೆ 'ಟೇಪರ್' ಎಂದು ಬರೆದು ಸಹಿ ಹಾಕಿದ್ದೆ. ಕ್ರಮವಾಗಿ ಕಡಿಮೆ ಮಾಡಿ ನಿಲ್ಲಿಸಿ ಎಂದು ಅರ್ಥ. ಎಷ್ಟೆಷ್ಟು, ಎಷ್ಟು ದಿನಕ್ಕೆ ಎಂಬುದನ್ನು ಬರೆದಿರಲಿಲ್ಲ. ಬಾಯಿಂದ ಹೇಳಿದೆನೇ? ಆ ದಿನಗಳಲ್ಲಿ ಮುಖಕ್ಕೆರಡು ಮುಸುಕು, ಮೇಲೊಂದು ಗಾಜಿನಂಥ ತೆರೆ ಹಾಕಿಕೊಂಡು ನಾವು ಏನು ಹೇಳಿದೆವೋ, ಅವರು ಏನು ಕೇಳಿಸಿಕೊಂಡರೋ. ಹೇಳಿದೆನೆಂದು ಆಣೆ ಮಾಡಲಾರೆ.

ಹತ್ತೊಂಬತ್ತನೆಯ ದಿನ ಮೇಷ್ಟ್ರು ಮರಳಿ ಬಂದರು. ಎಡಗೆನ್ನೆ ಊದಿತ್ತು. ಎಡಗಣ್ಣು ಮುಚ್ಚಿಕೊಂಡಿತ್ತು. ಹಲ್ಲುನೋವೆಂದು ನಾಲ್ಕು ದಿನ ಲವಂಗ ಅಗಿದಿದ್ದರಂತೆ. ರಕ್ತದ ಸಕ್ಕರೆ 480. ಕಪ್ಪು ಶಿಲೀಂಧ್ರವೆಂದು ಪತ್ರಿಕೆಗಳಲ್ಲಿ ನೀವೆಲ್ಲ ಓದಿದ ರೋಗ. ಈ ಶಿಲೀಂಧ್ರ ಹೊಸದಲ್ಲ; ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಗಾಳಿಯಲ್ಲಿ ಸದಾ ಇರುವಂಥದು. ಸಕ್ಕರೆ ಮಿತಿಮೀರಿ, ಸ್ಟೀರಾಯ್ಡಿನಿಂದ ದೇಹದ ಕಾವಲು ಮಲಗಿರುವಾಗ ಅದು ಮೂಗಿನ ಪಕ್ಕದ ಎಲುಬಿನ ಗೂಡುಗಳಲ್ಲಿ ಬೇರೂರಿ ರಕ್ತನಾಳಗಳನ್ನು ಮುಚ್ಚುತ್ತ ಕಣ್ಣಿನ ಕಡೆಗೂ ಮಿದುಳಿನ ಕಡೆಗೂ ನಡೆಯುತ್ತದೆ. 2021ರ ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ ಇಂಥ 40,000ಕ್ಕೂ ಹೆಚ್ಚು ರೋಗಿಗಳು ವರದಿಯಾಗಿದ್ದರು. ಅದಕ್ಕೆ ಬೇಕಾದ ಆಂಫೊಟೆರಿಸಿನ್ ಎಂಬ ಔಷಧಕ್ಕೆ ಆಗ ಎಲ್ಲೆಲ್ಲಿಯೂ ಅಭಾವ. ಮೇಷ್ಟ್ರನ್ನು ಬೆಂಗಳೂರಿಗೆ ಕಳುಹಿಸಿದೆವು. ಜೀವ ಉಳಿಯಿತು, ಎಡಗಣ್ಣು ಉಳಿಯಲಿಲ್ಲ.

ಏನಾಗಿತ್ತೆಂದು ತಿಳಿದದ್ದು ಆಮೇಲೆ. ಐದು ದಿನದ ಮಾತ್ರೆ ಮುಗಿದ ಮೇಲೆ ಅವರ ಹೆಂಡತಿ ಅದೇ ಚೀಟಿ ಹಿಡಿದು ಔಷಧದ ಅಂಗಡಿಗೆ ಹೋದರು. ಲಾಕ್‌ಡೌನಿನ ದಿನ, ಬೆಳಗಿನ ಒಂದೆರಡು ಗಂಟೆ ಅಂಗಡಿಯ ಮುಂದೆ ನೂಕುನುಗ್ಗಲು. ಅಂಗಡಿಯವನು ಅದೇ ಮಾತ್ರೆಯ ಎರಡು ಪಟ್ಟಿ ಕೊಟ್ಟು ಕಳುಹಿಸಿದ. "ಆ ಮಾತ್ರೆ ತಗೊಂಡ್ರೆ ಊಟ ಸೇರ್ತಿತ್ತು, ಹುಮ್ಮಸ್ಸಾಗಿರ್ತಿದ್ರು, ಅದಕ್ಕೇ ನಿಲ್ಲಿಸಲಿಲ್ಲ" ಎಂದು ಆಕೆ ನನ್ನೊಡನೆ ಹೇಳಿದರು. ಸ್ಟೀರಾಯ್ಡಿನ ಗುಣವೇ ಅದು. ಹಸಿವು ಹೆಚ್ಚಿಸುತ್ತದೆ, ಇಲ್ಲದ ಉತ್ಸಾಹವನ್ನು ತರುತ್ತದೆ, ಒಳಗೊಳಗೇ ಸಕ್ಕರೆಯನ್ನು ಏರಿಸುತ್ತದೆ. ಸಕ್ಕರೆ ಪರೀಕ್ಷೆಗೆ ಹೋಗಲು ಹೊರಗೆ ಕಾಲಿಡುವಂತಿರಲಿಲ್ಲ. ಮಗ ದೂರದ ಊರಿನಲ್ಲಿ.

ಬೆಂಗಳೂರಿನಿಂದ ಬಂದ ಮೇಲೆ ನಾನು ಮೇಷ್ಟ್ರ ಮನೆಗೆ ಹೋದೆ. ಹೋಗಲು ಮೂರು ವಾರ ಹಿಂಜರಿದೆನೆಂಬುದನ್ನೂ ಹೇಳಿಬಿಡುತ್ತೇನೆ. ಕಾಫಿ ಬಂತು. ಕುಶಲದ ಮಾತಾಯಿತು. ಆಮೇಲೆ ಅವರು, ಬೈಗುಳದ ಧ್ವನಿಯಲ್ಲಲ್ಲ, ತರಗತಿಯಲ್ಲಿ ಹುಡುಗನ ಪ್ರಬಂಧದ ಬಗ್ಗೆ ಕೇಳುವ ಧ್ವನಿಯಲ್ಲಿ, "ಡಾಕ್ಟ್ರೇ, ನಿಮ್ಮ ಚೀಟೀಲಿ ಮೇಣದಬತ್ತಿ ಅಂತ ಯಾಕೆ ಬರೆದಿದ್ರಿ?" ಎಂದು ಕೇಳಿದರು. ನನಗೆ ತಿಳಿಯಲಿಲ್ಲ. ಅವರು 'ಟೇಪರ್' ಎಂಬ ಶಬ್ದವನ್ನು ನಿಘಂಟಿನಲ್ಲಿ ಹುಡುಕಿದ್ದರು. ಮೊದಲ ಅರ್ಥ, ತೆಳುವಾದ ಮೇಣದಬತ್ತಿ. ಡಾಕ್ಟರು ಬರೆದದ್ದಕ್ಕೆ ಬೇರೆ ಏನೋ ಶಾಸ್ತ್ರೀಯ ಅರ್ಥವಿರಬೇಕು, ಅದು ನಮಗೆ ಬೇಕಾದದ್ದಲ್ಲ ಎಂದುಕೊಂಡು ಪುಸ್ತಕ ಮುಚ್ಚಿಟ್ಟಿದ್ದರು.

ಅಪಾಯದ ಕಾರಣಗಳ ಪಟ್ಟಿಯಲ್ಲಿ ವಯಸ್ಸಿದೆ, ಸಕ್ಕರೆಯಿದೆ, ಹೃದಯವಿದೆ. ಮೇಷ್ಟ್ರಿಗೆ ವಯಸ್ಸೂ ಇತ್ತು, ಸಕ್ಕರೆಯೂ ಇತ್ತು. ಅವನ್ನು ನಾನು ತಪ್ಪದೆ ಗುರುತುಮಾಡಿಕೊಂಡಿದ್ದೆ. ಆ ಪಟ್ಟಿಯಲ್ಲಿ ವೈದ್ಯನ ಕೈಬರಹವಿಲ್ಲ. ಚೀಟಿ ಯಾವ ಭಾಷೆಯಲ್ಲಿದೆ, ಮನೆಯಲ್ಲಿ ಓದುವವರು ಯಾರು, ಮುಂದಿನ ಭೇಟಿ ಯಾವ ದಿನ ಎಂಬುದಿಲ್ಲ. 2009ರಷ್ಟು ಹಿಂದೆಯೇ ಅಮೆರಿಕೆಯ ಒಂದು ದೊಡ್ಡ ಲೆಕ್ಕದಲ್ಲಿ ಕಂಡುಬಂದಿತ್ತು: ಶಸ್ತ್ರಚಿಕಿತ್ಸೆಯಲ್ಲದ ಕಾಯಿಲೆಗಳಿಗಾಗಿ ಸೇರಿ, ಮೂವತ್ತು ದಿನದೊಳಗೆ ಮರಳಿದ ವೃದ್ಧರಲ್ಲಿ ಸುಮಾರು ಅರ್ಧದಷ್ಟು ಜನ ನಡುವೆ ಒಂದು ಸಲವೂ ವೈದ್ಯರನ್ನು ಕಂಡ ದಾಖಲೆಯಿರಲಿಲ್ಲ. ಇದನ್ನು ನಾನು ಓದಿದ್ದೆ. ಓದಿದ್ದೆ ಎಂದೇ ಹೇಳುತ್ತಿದ್ದೇನೆ.

ನಿವೃತ್ತಿಗೆ ಇನ್ನು ಒಂದು ವರ್ಷವಿತ್ತು. ಆ ವರ್ಷದಲ್ಲಿ ನಾನು ಮಾಡಿದ್ದು ಬಹಳ ಸಣ್ಣ ಕೆಲಸ. ಮನೆಗೆ ಕಳುಹಿಸುವ ಮುನ್ನ ಬೆರಳಿಗೆ ಯಂತ್ರ ಸಿಕ್ಕಿಸಿ ವಾರ್ಡಿನ ಬಾಗಿಲಿನಿಂದ ಇಂಜೆಕ್ಷನ್ ಕೋಣೆಯವರೆಗೆ ಎರಡು ಮೂರು ಸಲ ನಡೆಸಿ ನೋಡುವುದು. ಮಲಗಿದಾಗ 95 ಇದ್ದದ್ದು ನಡೆದಾಗ 90ಕ್ಕೆ ಇಳಿದರೆ ಅವನು ಇನ್ನೂ ಹೊರಡುವವನಲ್ಲ. ಕಕ್ಕಸು ಮನೆಯೊಳಗಿದೆಯೋ ಹಿತ್ತಲಲ್ಲಿದೆಯೋ, ಮೆಟ್ಟಿಲೆಷ್ಟು, ಅಡುಗೆ ಯಾರದು, ಒಲೆ ಯಾವುದು, ಮಾತ್ರೆ ಕೊಡುವವರು ಯಾರು ಎಂದು ವಿಚಾರಿಸುವುದು. ಮೊದಲಿಗೆ ನರ್ಸುಗಳು ನಕ್ಕರು. ಡಾಕ್ಟರು ಹೆಣ್ಣು ನೋಡಲು ಹೋದವರ ಹಾಗೆ ಮನೆತನ ವಿಚಾರಿಸುತ್ತಾರೆ ಎಂದು. ನಂತರ ಅವರೇ ಕೇಳತೊಡಗಿದರು. ಐದನೆಯ ದಿನ ಮತ್ತು ಹತ್ತನೆಯ ದಿನ ಫೋನು. ಜೊತೆಗೆ ಕನ್ನಡದಲ್ಲಿ ಅರ್ಧ ಹಾಳೆಯ ಚೀಟಿ: ಈ ಮಾತ್ರೆ ಇಂಥ ತಾರೀಖಿನವರೆಗೆ ಎರಡು, ಇಂಥ ತಾರೀಖಿನವರೆಗೆ ಒಂದು, ಆಮೇಲೆ ಬೇಡ; ಉಸಿರು ಕಟ್ಟಿದರೆ, ಎದೆ ನೋಯುತ್ತಿದ್ದರೆ, ಒಂದು ಕಾಲು ಮಾತ್ರ ಊದಿದರೆ, ಕೆನ್ನೆ ಜೋಮು ಹಿಡಿದರೆ, ಮಾತು ತೊದಲಿದರೆ ಬೆಳಗಾಗುವವರೆಗೆ ಕಾಯಬೇಡಿ. ಇದರಿಂದ ಮರಳಿ ಬರುವವರು ಎಷ್ಟು ಕಡಿಮೆಯಾದರು ಎಂದು ಕೇಳಿದರೆ ನನ್ನ ಬಳಿ ಲೆಕ್ಕವಿಲ್ಲ. ಕೆಲವರು ಚೀಟಿ ಹಿಡಿದುಕೊಂಡೇ ಮರಳಿ ಬಂದರು, ಮೊದಲಿಗಿಂತ ಎರಡು ದಿನ ಮುಂಚೆ. ಅದನ್ನು ಸೋಲೆಂದು ನಾನು ಎಣಿಸಲಿಲ್ಲ.

ಆ ಚೀಟಿಯ ಮೊದಲ ಕರಡನ್ನು ಮೇಷ್ಟ್ರಿಗೇ ತೋರಿಸಿದೆ. ಒಂದು ಕಣ್ಣಿನಿಂದ, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ನಿಧಾನವಾಗಿ ಓದಿದರು. ಜೇಬಿನಿಂದ ಪೆನ್ನು ತೆಗೆದು ಮೂರು ಕಡೆ ಗುರುತು ಹಾಕಿದರು. 'ಔಷಧಿ' ಎಂದು ಬರೆದಿದ್ದೆ. ಔಷಧಿ ಎಂದರೆ ಗಿಡಮೂಲಿಕೆ, ನೀವು ಕೊಡುವುದು ಔಷಧ ಎಂದು ತಿದ್ದಿದರು. ಆಮೇಲೆ ಹಾಳೆಯನ್ನು ನನ್ನ ಕೈಗೆ ಕೊಟ್ಟು, "ಅಕ್ಷರ ಸ್ವಲ್ಪ ದೊಡ್ಡದಾಗಿರಲಿ" ಎಂದರು.